ಮೊದಲು ಕೇಳಿದವಳು

ಡಿಸೆಂಬರ್ 3, ಬುಧವಾರ

ಚರ್ಚಿನ ಹೆಂಗಸರ ಸಂಘದವರು ಹಿಂದೆಂದೋ ಕೊಟ್ಟ ಡೈರಿ ಇದು. ಅಚ್ಚಾದ ವಾರಗಳು ಈ ವರ್ಷದ ತಾರೀಖಿಗೆ ಹೊಂದುವುದಿಲ್ಲ. ಅವನ್ನು ಹೊಡೆದುಹಾಕಿ ನನ್ನ ವಾರವನ್ನು ನಾನೇ ಬರೆದುಕೊಂಡಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಹೇಗಿರಬೇಕೋ ಹಾಗಿರುತ್ತದೆ. ಯಾರಾದರೂ ಕದ್ದು ಓದಿದರೆ ಅವರ ಕಣ್ಣಿಗೆ ಮೆಣಸಿನಕಾಯಿ ಬೀಳಲಿ.

ಬರೆಯುವುದಕ್ಕೆ ಕಾರಣ ನರ್ಸಮ್ಮ. ಪೇಟೆಯ ಲೈಬ್ರರಿಯಲ್ಲಿ ಬುಧವಾರ ಮುದುಕರ ದಿನ. ಟೀ ಕೊಡುತ್ತಾರೆ, ಬಿ.ಪಿ. ನೋಡುತ್ತಾರೆ, ಹಲಗೆಯಂಥ ಫೋನಿನ ಮೇಲೆ ಬೆರಳಾಡಿಸುವುದನ್ನು ಕಲಿಸುತ್ತಾರೆ. ನಾನು ಹೋಗುವುದು ಟೀಗೆ. ಫ್ಯಾನೂ ಚೆನ್ನಾಗಿದೆ. ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಹೊಡೆದು, “ಅಯ್ಯೋ ಬುಬು, ಸಿಟ್ಟು ಬಂದಾಗ ಬೈಯೋ ಬದಲು ಬರೆದಿಡಿ” ಎಂದಳು. ಎರಡನ್ನೂ ಮಾಡುತ್ತೇನೆ ಎಂದೆ. ಮೊಮ್ಮಗಳಿಗೂ ನಾನು ಬುಬು, ಅಂದರೆ ಅಜ್ಜಿ, ನರ್ಸಿಗೂ ಬುಬು, ಬಸ್ಸಿನವನಿಗೂ ಬುಬು. ಉನೈಸಿ ಎಂಬ ಹೆಸರು ಇರುವುದು ಲೈಬ್ರರಿ ಕಾರ್ಡಿನ ಮೇಲೆ ಮಾತ್ರ.

ಆ ಕಾರ್ಡಿನ ಮೇಲೆ ಇವತ್ತು ಒಂದು ಹೊಲಿಗೆ ಮಷೀನು ತಂದೆ. ಪುಸ್ತಕ ಕೊಡುವ ಮನೆಯಲ್ಲಿ ಮಷೀನೇಕೆ? ಅಲ್ಲಿ ಒಂದು ಕಪಾಟಿನ ತುಂಬ ಇಂಥವೇ ಇವೆ: ಚೆಂಡಿಗೆ ಗಾಳಿ ಹೊಡೆಯುವ ಪಂಪು, ಗೋಡೆ ಕೊರೆಯುವ ಡ್ರಿಲ್ಲು, ಮಕ್ಕಳ ಆಟದ ಸಾಮಾನು. ನಾನು ತಂದದ್ದು ಕೈಯಲ್ಲಿ ತಿರುಗಿಸುವ ಹಳೇ ಕಪ್ಪು ಮಷೀನು, ಕರೆಂಟು ಬೇಡ. ಮೈಮೇಲೆ ಬಿಳಿ ಪೇಂಟಿನಲ್ಲಿ ನಂಬರು ಬರೆದಿದ್ದಾರೆ, ಕೈದಿಗೆ ಬರೆದ ಹಾಗೆ. ಕ್ರಿಸ್‌ಮಸ್ಸಿಗೆ ಮನೆಮಂದಿಗೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಯಬೇಕು.

ಲೈಬ್ರರಿ ನೋಡಿಕೊಳ್ಳುವವಳು ಶಲೇಶ್ನಿ. ನಲವತ್ತಾಗಿರಬಹುದು, ನನ್ನ ಲೆಕ್ಕದಲ್ಲಿ ಹುಡುಗಿ.

“ಎರಡು ವಾರ ಇಟ್ಕೊಳ್ಳಿ ಬುಬು. ಆಮೇಲೆ ವಾಪಸ್.”

“ಹೂಂ.”

“ವಾಪಸ್ ಅಂದ್ರೆ ಇಲ್ಲಿಗೇ. ನನ್ನ ಕೈಗೇ.”

“ನನ್ನ ಕಿವಿ ಚೆನ್ನಾಗಿದೆ ತಾಯಿ. ಜಾಸ್ತಿ ಇರೋದು ಬಿ.ಪಿ.”

ಎಂಥ ಮನೆಯಲ್ಲಿ ಬೆಳೆದ ಹುಡುಗಿಯೋ. ಕೊಡುವ ಮೊದಲೇ ವಾಪಸಿನ ಮಾತು.

ಡಿಸೆಂಬರ್ 6, ಶನಿವಾರ

ಶನಿವಾರ ಅಲ್ಲಿ ಮಕ್ಕಳಿಗೆ ಕಥೆ. ಮೊಮ್ಮಗಳು ರೇಜಿಯೇಲಿಯನ್ನು ಕರೆದುಕೊಂಡು ಹೋಗಲೇಬೇಕು, ಇಲ್ಲದಿದ್ದರೆ ಮುಖ ಕೆಸುವಿನ ಗಡ್ಡೆಯಾಗುತ್ತದೆ. ಅವಳ ಅಪ್ಪ ಅಮ್ಮ ಸಮುದ್ರದ ಕಡೆಯ ಹೋಟೆಲ್ಲಿನಲ್ಲಿ ಕೆಲಸಕ್ಕಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ. ಉಳಿದ ದಿನಗಳಿಗೆ ನಾನೇ.

ಅಷ್ಟು ದೊಡ್ಡ ಕಟ್ಟಡ ಕಟ್ಟಿದ್ದಾರೆ, ಒಂದು ಚಾಪೆಗೆ ಗತಿಯಿಲ್ಲ. ಮಕ್ಕಳು ಬರೀ ಸಿಮೆಂಟಿನ ಮೇಲೆ ಕೂರುತ್ತವೆ. ಮುದುಕರಿಗೆ ಕುರ್ಚಿ ಕೊಟ್ಟು ಮಕ್ಕಳ ತಿಕಕ್ಕೆ ತಣ್ಣನೆ ನೆಲ ಕೊಡುವುದು ಯಾವ ಸೀಮೆಯ ಬುದ್ಧಿ? ನಮ್ಮ ಊರಿನಲ್ಲಿ ಹಂದಿಮರಿ ಹುಟ್ಟಿದರೂ ಕೆಳಗೆ ಹುಲ್ಲು ಹಾಸುತ್ತೇವೆ.

ಶಲೇಶ್ನಿ ಏಡಿಯ ಕಥೆ ಓದಿದಳು. ಪುಸ್ತಕದ ಏಡಿ ಹಗಲಲ್ಲಿ, ನೆಟ್ಟಗೆ, ಮುಂದಕ್ಕೆ ನಡೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. “ಅದು ಏಡಿಯೋ ಪೊಲೀಸೋ?” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅವಳು ಪುಸ್ತಕ ಮಡಿಸಿ, “ಹಾಗಾದ್ರೆ ನೀವೇ ಒಂದು ಶನಿವಾರ ಬಂದು ಸರಿಯಾದ ಏಡಿ ಕಥೆ ಹೇಳಿ” ಎಂದಳು. ನನಗೇನು ಬೇರೆ ಕೆಲಸವಿಲ್ಲವೇ? ಕಂದಾವು ದ್ವೀಪದ ಮಕೆರೆತಾಳ ಮಗಳಿಗೆ ಈಸ್ಟರ್ ಆದ ಮೇಲೆ ಮದುವೆ, ಅದಕ್ಕೆ ಕೇದಗೆ ಗರಿಯ ಚಾಪೆ ನೇಯುತ್ತಿದ್ದೇನೆ. ಅರ್ಧವೂ ಆಗಿಲ್ಲ.

ಏಡಿಯ ವಿಷಯದಲ್ಲಿ ಹೇಳುವುದು ಮಾತ್ರ ಬೇಕಾದಷ್ಟಿದೆ.

ರೇಜಿಯೇಲಿ ದಪ್ಪ ಪುಸ್ತಕವೊಂದನ್ನು ತಂದಿದ್ದಾಳೆ. ಅಣ್ಣನನ್ನು ಹುಡುಕಿಕೊಂಡು ಒಬ್ಬಳೇ ದೋಣಿ ಹತ್ತಿದ ಹುಡುಗಿಯ ಕಥೆ. ಊಟವಾದ ಮೇಲೆ ಗಟ್ಟಿಯಾಗಿ ಓದುತ್ತಾಳೆ, ನಾನು ಗರಿ ಸೀಳುತ್ತ ಕೂತಿರುತ್ತೇನೆ. “ಸಾಕು, ದೀಪ ಆರಿಸು” ಎಂದೆ. ದೋಣಿಗೆ ನೀರು ನುಗ್ಗಿತು ಎಂದಳು. ಹಾಗಾದರೆ ನೀರು ತೋಡುವವರೆಗೆ ಓದು ಎಂದೆ.

ಡಿಸೆಂಬರ್ 15, ಸೋಮವಾರ

ಮಕೆರೆತಾ ಬಂದು ಹೋದಳು. ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದಲೂ ನಮ್ಮ ಬಾಯಿಗೆ ಬೇಲಿಯಿಲ್ಲ.

“ಇನ್ನೂ ಹೋಗಿಲ್ವೇನೇ ನೀನು?” ಎಂದು ಅಂಗಳದಿಂದಲೇ ಕೂಗಿದಳು.

“ನಿನ್ನ ಮಣ್ಣು ಮುಗಿಸ್ಕೊಂಡು ಹೋಗೋಣ ಅಂತ ಕೂತಿದ್ದೀನಿ. ಬಾ ಒಳಗೆ.”

ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ತಿಂದಳು, ಮರಗೆಣಸು ತಿಂದಳು, ರೇಜಿಯೇಲಿಗೆ ಇಟ್ಟದ್ದನ್ನೂ ತಿಂದಳು. ಪೇಟೆಯಲ್ಲಿ ಮದುವೆ ಬಟ್ಟೆ ಕೊಂಡಿದ್ದಾಳೆ, ಹೊಲಿಸಲು ಯಾರೂ ಇಲ್ಲ ಎಂದಳು. ಆಗ ಅವಳ ಕಣ್ಣು ಮೂಲೆಗೆ ಹೋಯಿತು.

“ಕೆರೆಕೆರೆ, ಉನೈಸಿ. ಆ ಮಷೀನು ನನಗೆ ಕೊಡು.”

ರೇಜಿಯೇಲಿ ತಟ್ಟನೆ, “ಅದು ಲೈಬ್ರರೀದು ಬುಬು!” ಎಂದಳು. ಕೇಳಿದವಳ ಎದುರಿಗೆ ಹಾಗನ್ನುವುದೇ? ಕಣ್ಣಲ್ಲೇ ಸುಟ್ಟೆ. ಕೆರೆಕೆರೆ ಎಂದರೆ ನಮ್ಮಲ್ಲಿ ದಯವಿಟ್ಟು ಕೊಡು ಎಂದು ನೆಂಟರು ಬೇಡುವ ಮಾತು. ಬಾಯಿ ತೆರೆದು ಹಾಗೆ ಎಂದವಳಿಗೆ ಕೊಡದಿದ್ದರೆ ಮತ್ತೆ ನಾನು ಯಾವ ಮುಖ ಹೊತ್ತುಕೊಂಡು ಅವರ ಊರಿಗೆ ಹೋಗಲಿ? ಇಲ್ಲ ಎಂಬ ಮಾತು ಈ ವಯಸ್ಸಿನವರೆಗೆ ನನ್ನ ಬಾಯಿಂದ ಬಂದಿಲ್ಲ. ನನ್ನ ಅಮ್ಮನ ಬಾಯಿಂದಲೂ ಬಂದಿರಲಿಲ್ಲ. ಒಮ್ಮೆ ಯಾರೋ ಕೇಳಿದರೆಂದು ಅವಳು ಅಡುಗೆಮನೆಯ ಬಾಗಿಲನ್ನೇ ಬಿಚ್ಚಿ ಕೊಟ್ಟಿದ್ದಳು. ಆ ಮಳೆಗಾಲವೆಲ್ಲ ಹಂದಿಗಳು ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿದ್ದವು.

ಮಷೀನನ್ನು ಗೋಣಿಯಲ್ಲಿ ಸುತ್ತಿ ಕೊಟ್ಟೆ. ನಮ್ಮ ಬಟ್ಟೆಗಳೆಲ್ಲ ಹೊಲಿದಾಗಿತ್ತು, ಸುಮ್ಮನೆ ಕೂತ ಮಷೀನು.

ಡಿಸೆಂಬರ್ 17, ಬುಧವಾರ

ನರ್ಸಮ್ಮನ ಮಾತಿನಂತೆ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ಸಿಟ್ಟು ತಲೆಯ ಮೇಲಿದೆ.

“ಮಷೀನು ಎಲ್ಲಿ ಬುಬು?” ಎಂದಳು ಶಲೇಶ್ನಿ.

“ಕಂದಾವಿನಲ್ಲಿ.”

“ಅಲ್ಲೇನ್ ಮಾಡ್ತಿದೆ?”

“ಹೊಲೀತಿದೆ. ಮಷೀನು ಇನ್ನೇನು ಮಾಡುತ್ತೆ, ಮೀನು ಹಿಡಿಯುತ್ತಾ?”

ಅವಳು ನಗಲಿಲ್ಲ. “ಅದನ್ನ ಕೊಡೋಕೆ ಅದು ನಿಮ್ಮದಲ್ಲ ಬುಬು.”

“ನಿನ್ನದಾ?”

“ನಂದೂ ಅಲ್ಲ.”

“ಮತ್ತೆ ಯಾರದು?”

“ಎಲ್ಲರದೂ.”

“ಮಕೆರೆತಾ ಎಲ್ಲರಲ್ಲಿ ಒಬ್ಬಳಲ್ವಾ?”

ಅವಳ ಬಾಯಿ ಕಟ್ಟಿತು ಎಂದುಕೊಂಡೆ. ಆದರೆ ಅವಳದು ಸದ್ದಿಲ್ಲದೆ ಕಚ್ಚುವ ಜಾತಿ. ನನ್ನ ನಂತರದ ಸರದಿ ಚಂದ್ರವತಿ ಎಂಬವಳದಂತೆ. ನದಿಯಾಚೆ ತರಕಾರಿ ಬೆಳೆಯುವವಳು, ಶಾಲೆ ಶುರುವಾಗುವುದರೊಳಗೆ ಮೂರು ಮಕ್ಕಳ ಯೂನಿಫಾರ್ಮ್ ಹೊಲಿಯಬೇಕಂತೆ. ಇವತ್ತು ಬೆಳಿಗ್ಗೆ ಬಟ್ಟೆ ಹೊತ್ತುಕೊಂಡು ಬಂದು ಹಾಗೇ ಹೋದಳಂತೆ. ಮಷೀನು ಬರುವವರೆಗೆ ನಮ್ಮ ಕಾರ್ಡು ಬಂದ್ ಎಂದು ಅದನ್ನು ಡ್ರಾಯರಿಗೆ ಹಾಕಿದಳು.

“ಕಾರ್ಡೊಂದೇ ಯಾಕೆ, ಬಾಗಿಲೂ ಬಂದ್ ಮಾಡು. ಕಿಟಕಿಗೆ ಹಲಗೆ ಹೊಡೆಸು. ನಾನೇನು ಕದ್ದೆನಾ? ಕೊಟ್ಟೆ!” ಎಂದು ಎಲ್ಲರೆದುರು ಕೂಗಿದೆ. ಪೇಪರು ಓದುತ್ತಿದ್ದವರು ಪೇಪರು ಕೆಳಗಿಳಿಸಿದರು.

ಟೀ ಕುಡಿಯದೆ ಬಂದೆ. ಅನುಭವಿಸಲಿ.

ಡಿಸೆಂಬರ್ 20, ಶನಿವಾರ

ದೋಣಿಯ ಪುಸ್ತಕವನ್ನು ವಾಪಸು ಕೊಡಬೇಕಾಯಿತು. ಕಾರ್ಡು ಬಂದಾದವರು ಅಲ್ಲೇ ಕೂತು ಓದಬಹುದು, ಮನೆಗೆ ತರುವಂತಿಲ್ಲ. ರೇಜಿಯೇಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ರಾತ್ರಿ ಮನೆಯಲ್ಲಿ ಗರಿ ಸೀಳುವ ಸದ್ದು ಮಾತ್ರ. ಕಿವಿಗೆ ಹಾಯಾಗಿದೆ. ಆ ಹುಡುಗಿ ದಡ ಸೇರಿದರೆಷ್ಟು, ಬಿಟ್ಟರೆಷ್ಟು.

ಡಿಸೆಂಬರ್ 25

ಬಟ್ಟೆ ಎಲ್ಲರಿಗೂ ಚೆನ್ನಾಗಿ ಕೂತಿತು. ಪಾದ್ರಿ ಕೊಡುವ ಕೈಗಳ ಬಗ್ಗೆ ಮಾತಾಡಿದರು. ಲೈಬ್ರರಿಯವರು ಕೇಳಬೇಕಿತ್ತು.

ಜನವರಿ 2, ಶುಕ್ರವಾರ

ಊರಿನ ಮುಖಂಡ ವೈಸಾಕೆ ಬಂದು ಜಗಲಿಯಲ್ಲಿ ಕೂತ. ನಾನು ಎತ್ತಿ ಆಡಿಸಿದ ಹುಡುಗ, ಈಗ ಹೊಟ್ಟೆ ಬಿಟ್ಟುಕೊಂಡು ನನಗೇ ಬುದ್ಧಿ ಹೇಳುತ್ತಾನೆ.

“ಅತ್ತೆ, ಒಂದು ಚಾಪೆ, ಒಂದು ಕಟ್ಟು ಯಂಗೋನ ಬೇರು ತಗೊಂಡು ಹೋಗಿ ಆ ಹುಡುಗಿ ಮುಂದೆ ಇಟ್ಟು ತಪ್ಪಾಯ್ತು ಅಂದ್ಬಿಡೋಣ. ನಾನೂ ಬರ್ತೀನಿ. ನಿಮ್ಮಿಂದ ನಮ್ಮೂರಿನ ಬೇರೆ ಮನೆಯವರ ಕಾರ್ಡಿಗೂ ಕಲ್ಲು ಬಿದ್ರೆ?”

“ತಪ್ಪು ಮಾಡಿದವರು ತಪ್ಪಾಯ್ತು ಅಂತಾರೆ. ನಾನೇನು ಮಾಡಿದೆ?”

“ಅವರದನ್ನ ಕೊಟ್ಟುಬಿಟ್ರಲ್ಲ.”

“ಹೋದ ವರ್ಷ ನಿನ್ನ ದೋಣಿ ಎಂಜಿನ್ ಯಾರು ಕೇಳಿದ್ದು? ನೀನೇನು ಮಾಡಿದೆ?”

ವೈಸಾಕೆ ತಲೆ ಕೆರೆದುಕೊಂಡ. ಎಂಜಿನ್ ಈಗ ಯಾವ ನದಿಯಲ್ಲಿದೆಯೋ ಅವನಿಗೇ ಗೊತ್ತಿಲ್ಲ. ನಿಂಬೆ ಎಲೆಯ ಟೀ ಕುಡಿಸಿ ಕಳಿಸಿದೆ. ಕುಟ್ಟಿ ಕಲಸಿ ಕುಡಿಯುವ ಆ ಬೇರನ್ನು ನಾವು ಮುಂದಿಡುವುದು ತಪ್ಪೊಪ್ಪಲು, ಇಲ್ಲವೇ ದೊಡ್ಡದೇನಾದರೂ ಕೇಳಲು. ಪುಸ್ತಕದ ಧೂಳು ಒರೆಸುವವಳ ಮುಂದೆ ನಾನು ಚಾಪೆ ಇಡಲೇ? ನನ್ನ ಹೆಣ ಇಡುತ್ತದೆ.

ಎರಡು ಬುಧವಾರ ಹೋಗಿಲ್ಲ. ಬಿ.ಪಿ. ನೋಡಿಸದಿದ್ದರೆ ಜಾಸ್ತಿ ಇದೆಯೆಂದು ಗೊತ್ತಾಗುವುದೂ ಇಲ್ಲ, ಅದೇ ಸುಖ. ಆದರೆ ಮನೆಯ ಟೀಗೆ ರುಚಿಯಿಲ್ಲ. ಪುಡಿ ಹಳತಾಗಿರಬೇಕು.

ಜನವರಿ 7, ಬುಧವಾರ

ಚಾಪೆಯ ಅಂಚಿಗೆ ಉಣ್ಣೆ ದಾರ ಬೇಕಿತ್ತು, ಪೇಟೆಗೆ ಹೋದೆ. ದಾರದ ಅಂಗಡಿಗೆ ಲೈಬ್ರರಿಯ ಮುಂದಿನಿಂದಲೇ ದಾರಿ. ಇನ್ನೊಂದು ದಾರಿಯೂ ಇದೆ, ಆದರೆ ಅದರಲ್ಲಿ ಬಿಸಿಲು. ಕಿಟಕಿಯಲ್ಲಿ ನೋಡಿದರೆ ನನ್ನ ಕುರ್ಚಿಯಲ್ಲಿ ಯಾವನೋ ಬೊಕ್ಕತಲೆಯವನು ಕೂತಿದ್ದ. ಫ್ಯಾನಿನ ಕೆಳಗಿನ ಕುರ್ಚಿ ಅದು.

ಆಮೇಲೆ ಮಾರುಕಟ್ಟೆಯಲ್ಲಿ ಅಲಸಂದೆಕಾಯಿ ಕೊಳ್ಳಲು ನಿಂತೆ. ಮಾರುವವಳು ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದವಳು ತಲೆಯೆತ್ತಿ ನೋಡಿದಳು.

“ಉನೈಸಿ ಬುಬು ಅಲ್ವಾ ನೀವು? ನಾನು ಚಂದ್ರವತಿ. ಮಷೀನು ಬಂತಾ?”

ನಾನು ಎದೆ ಸೆಟೆಸಿದೆ. “ಬಂದಿಲ್ಲ. ನನ್ನ ಮಾವನ ಮಗಳು ಕೇಳಿದಳು, ಕೊಟ್ಟೆ. ನಮ್ಮಲ್ಲಿ ಕೇಳಿದವರಿಗೆ ಇಲ್ಲ ಅನ್ನೋದಿಲ್ಲ.”

“ಗೊತ್ತು ಬುಬು. ನಾನೂ ಇದೇ ಮಣ್ಣಲ್ಲಿ ಹುಟ್ಟಿದವಳು. ನಮ್ಮ ಗದ್ದೆಯ ಎತ್ತು ನಿಮ್ಮೂರಿಗೆ ಹೀಗೇ ಹೋಗಿ, ಮುದಿಯಾಗಿ ವಾಪಸ್ ಬಂತು.” ಜಗಳಕ್ಕೆ ನಿಂತ ದನಿಯಲ್ಲ ಅದು. ಕಟ್ಟನ್ನು ಪೇಪರಿನಲ್ಲಿ ಸುತ್ತುತ್ತ ಸುತ್ತುತ್ತ ಹೇಳಿದಳು. “ಆದ್ರೆ ಕೇಳಿದ್ದು ನಾನೂ ಅಲ್ವಾ? ಅವರು ಕೇಳೋದಕ್ಕಿಂತ ಮೊದಲೇ ಕೇಳಿದ್ದೆ. ಹೆಸರು ಬರೆಸಿ ಕಾಯ್ತಿದ್ದೆ. ನೀವು ಇಲ್ಲ ಅಂದಿದ್ದು ನನಗೆ.”

ಆಮೇಲೆ ಒಂದು ಹಿಡಿ ಕಾಯಿ ಕೊಸರು ಹಾಕಿದಳು.

“ನಾನು ಕೇಳಲಿಲ್ಲ,” ಎಂದೆ.

“ಅದಕ್ಕೇ ಕೊಟ್ಟೆ,” ಎಂದಳು.

ಜನವರಿ 8

ನಾನು ಯಾರಿಗೂ ಇಲ್ಲ ಎಂದವಳಲ್ಲ. ಆ ತರಕಾರಿಯವಳಿಗೆ ಎಷ್ಟು ಧೈರ್ಯ!

ಅಲಸಂದೆ ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಬೇಯಲಿಲ್ಲ. ರೇಜಿಯೇಲಿ ಚೆನ್ನಾಗಿ ಬೆಂದಿದೆ ಎಂದಳು. ನನ್ನ ಪಾಲನ್ನೂ ಅವಳ ತಟ್ಟೆಗೇ ಸುರಿದೆ.

ಯಾರಿಗೂ ಅಂದವಳಲ್ಲ.

ಜನವರಿ 9, ಶುಕ್ರವಾರ

ಕಂದಾವಿಗೆ ಹೊರಟಿದ್ದೇನೆ. ಲೈಬ್ರರಿಗಾಗಿ ಅಲ್ಲ, ನನ್ನ ಬಾಯಿಯ ಮರ್ಯಾದೆಗಾಗಿ. ಮಗ ಸೊಸೆ ರಜೆಗೆ ಬಂದಿದ್ದಾರೆ. ಈ ವಯಸ್ಸಿಗೆ ಹಡಗೇ ಎಂದು ಇಬ್ಬರೂ ಬಾಯಿ ಬಡಿದುಕೊಂಡರು. “ಹಡಗು ನಾನು ನಡೆಸೋದಿಲ್ಲ, ಸುಮ್ನೆ ಕೂರೋದು” ಎಂದೆ. ಮಾಡಿನಲ್ಲಿ ಒಣಗಿಸಿಟ್ಟ ಯಂಗೋನ ಬೇರಿನ ದೊಡ್ಡ ಕಟ್ಟನ್ನು ಇಳಿಸಿದೆ. ನನ್ನ ತಿಥಿಗೆಂದು ಇಟ್ಟುಕೊಂಡಿದ್ದು. ನಾನು ಸ್ವಲ್ಪ ತಡ ಮಾಡಿ ಸತ್ತರಾಯಿತು.

ರೇಜಿಯೇಲಿ ಒಂದು ಪ್ಲಾಸ್ಟಿಕ್ ಹಾಳೆ ಮಡಿಸಿ ತಂದುಕೊಟ್ಟಳು. “ಬರುವಾಗ ಸುತ್ತಿ ಬುಬು. ಉಪ್ಪುನೀರು ಬಿದ್ರೆ ತುಕ್ಕು ಹಿಡಿಯುತ್ತೆ.” ಆ ಹುಡುಗಿಗೆ ನಾನು ತಂದೇ ತರುತ್ತೇನೆಂಬ ನಂಬಿಕೆ.

ಜನವರಿ 12, ಸೋಮವಾರ, ಕಂದಾವು

ಹಡಗಿನಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟೆ. ಅದು ಕೇಳಿರಲೂ ಇಲ್ಲ.

ಮಕೆರೆತಾಳ ಮನೆಯಲ್ಲಿ ನೆಂಟರು ತುಂಬಿದ್ದರು. ಒಳ್ಳೆಯದೇ ಆಯಿತು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋಗಿ, ಕಾಲು ಮಡಿಸಿ ಕೂತು, ಬೇರಿನ ಕಟ್ಟನ್ನು ಮುಂದಿಟ್ಟೆ. ನೆಂಟರೆಲ್ಲ ನನ್ನ ಕಡೆ ತಿರುಗಿದರು.

“ಕೆರೆಕೆರೆ, ಮಕೆರೆತಾ. ಆ ಹೊಲಿಗೆ ಮಷೀನು ನನಗೆ ಕೊಡು.”

ಅವಳ ಬಾಯಿ ತೆರೆದುಕೊಂಡಿತು. “ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯೇನೇ? ನಿಮ್ಮಪ್ಪನ ಕಡೆಯವರು ಗೋರಿಯೊಳಗೆ ನಾಚ್ಕೊಳ್ತಾರೆ ಕಣೇ!”

“ನಾಚ್ಕೊಳ್ಳಲಿ, ಅಲ್ಲಿ ಅವರಿಗೆ ಬೇರೆ ಕೆಲಸ ಏನಿದೆ? ನಾನು ಕೇಳಿದ್ದಾಯ್ತು. ಕೊಡ್ತೀಯೋ, ಇಲ್ಲ ಅಂತೀಯೋ? ಇಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳು.”

ಅವಳೂ ನಮ್ಮ ಅಜ್ಜಿಯ ಮೊಮ್ಮಗಳೇ. ಆ ಮಾತು ಅವಳ ಬಾಯಲ್ಲೂ ಹುಟ್ಟಿಲ್ಲ. ಬೇರಿನ ಕಟ್ಟನ್ನು ನೋಡಿದಳು, ನೆಂಟರನ್ನು ನೋಡಿದಳು, ಮಾಡನ್ನು ನೋಡಿದಳು.

“ಕೊಡ್ತಿದ್ದೆ. ಆದ್ರೆ... ನಮ್ಮ ಪಾದ್ರಿ ಹೆಂಡ್ತಿ ಕೇಳಿಬಿಟ್ಟಳು.”

“ಕೊಟ್ಟೆ.”

“ಕೊಟ್ಟೆ. ನೀನಾಗಿದ್ರೆ ಏನು ಮಾಡ್ತಿದ್ದೆ?”

ಸಿಟ್ಟಿಗೆ ಅವಳ ಪಾಲಿನ ಮೀನನ್ನೂ ನಾನೇ ತಿಂದೆ.

ಜನವರಿ 14, ಬುಧವಾರ

ಪಾದ್ರಿಯ ಹೆಂಡತಿ ಇರುವುದು ಗುಡ್ಡದಾಚೆಯ ಊರಿನಲ್ಲಿ. ಮಕೆರೆತಾ ದಾರಿಯುದ್ದಕ್ಕೂ ಗೊಣಗುತ್ತ ನನ್ನ ಜೊತೆಗೇ ಬಂದಳು. ಮಷೀನು ಚರ್ಚಿನ ಪಕ್ಕದ ಚಪ್ಪರದಲ್ಲಿತ್ತು, ಸುತ್ತ ಊರಿನ ಹೆಂಗಸರೆಲ್ಲ ಇದ್ದರು. ಆ ಊರಿಗೆ ಅದೊಂದೇ ಮಷೀನು.

ಮಕೆರೆತಾ ಮುಟ್ಟದೆ ಬಿಟ್ಟ ಬೇರಿನ ಕಟ್ಟನ್ನೇ ಇಲ್ಲಿಯೂ ಇಟ್ಟೆ, ಇಲ್ಲಿಯೂ ಕೇಳಿದೆ. ಪಾದ್ರಿಯ ಹೆಂಡತಿ, “ತಗೊಂಡು ಹೋಗಿ ಬುಬು” ಎಂದಳು. ಹಲ್ಲು ಕಚ್ಚಿಕೊಂಡು ಹೇಳಿದರೂ ಕೊಟ್ಟದ್ದು ಕೊಟ್ಟದ್ದೇ. ಮಷೀನಿನ ಮುಂದೆ ಕೂತಿದ್ದ ಎಳೆಯ ತಾಯಿ ಕೈ ಹಿಂದೆ ತೆಗೆದಳು. ಸೂಜಿ ಇನ್ನೂ ಬಟ್ಟೆಯಲ್ಲೇ ನೆಟ್ಟಿತ್ತು, ಅವಳ ಮಗನ ಶಾಲೆಯ ಅಂಗಿಯ ತೋಳಿನಲ್ಲಿ.

ಒಂದೇ ತೋಳಿನ ಅಂಗಿ ಹಾಕಿಕೊಂಡು ಆ ಹುಡುಗ ಶಾಲೆಗೆ ಹೋಗುತ್ತಾನೆಯೇ? “ಬಟ್ಟೆ ಹಿಡ್ಕೋ, ನಾನು ತಿರುಗಿಸ್ತೀನಿ” ಎಂದೆ. ತೋಳು ಮುಗಿಯುವಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಇನ್ನೊಬ್ಬಳು ಬಟ್ಟೆ ಬಿಚ್ಚಿದಳು. ಹಡಗು ಬರುವುದಕ್ಕೆ ಹೇಗೂ ದಿನವಿದೆ.

ಈ ಊರಿನವರಿಗೆ ಒಂದು ಶಿಸ್ತಿಲ್ಲ. ಬಾಯಿ ಇದ್ದವಳು ಮಷೀನಿನ ಮುಂದೆ, ಬಾಯಿ ಇಲ್ಲದವಳು ಬಾಗಿಲ ಹತ್ತಿರ. ಕೇಳಿ ಕೇಳಿ ಕೊಡುತ್ತಾ ಹೋದರೆ ಕೇಳಲು ನಾಚುವವಳು ಬೆತ್ತಲೆಯೇ ಇರಬೇಕೇನು? ಮೊದಲು ಹೆಸರು ಹೇಳಿದವರಿಗೆ ಮೊದಲು ಎಂದು ಗದರಿಸಿ ಸಾಲು ಹಿಡಿಸಿದೆ. ಪಾದ್ರಿಯ ಹೆಂಡತಿಯನ್ನು ಕೊನೆಗೆ ಕೂರಿಸಿದೆ.

ಜನವರಿ 19, ಸೋಮವಾರ

ಗಾಳಿ. ಹಡಗು ಹೊರಟಿಲ್ಲ. ಸಾಲು ಮಾತ್ರ ಸರಿಯಾಗಿ ನಡೆಯುತ್ತಿದೆ. ಒಬ್ಬಳು ಕತ್ತರಿ ಎತ್ತಿಕೊಂಡು ಮನೆಗೆ ಹೊರಟಳು. “ವಾಪಸ್ ಅಂದ್ರೆ ಇಲ್ಲಿಗೇ, ನನ್ನ ಕೈಗೇ” ಎಂದೆ. ಕತ್ತಲಾಗುವುದರೊಳಗೆ ತಂದುಕೊಟ್ಟಳು.

ಮಕೆರೆತಾ ಪಕ್ಕದಲ್ಲಿ ಕೂತು ಮಗಳ ಮದುವೆ ಬಟ್ಟೆಗೆ ಗುಂಡಿ ಹಚ್ಚುತ್ತಿದ್ದಳು. “ಯಾರ ಗಾಳಿ ಬಡೀತೇ ನಿನಗೆ? ಸರ್ಕಾರದವಳ ಥರ ಮಾತಾಡ್ತೀಯ.” ನನಗೆ ಯಾವ ಗಾಳಿಯೂ ಬಡಿದಿಲ್ಲ, ನಾನು ಯಾವಾಗಲೂ ಹೀಗೇ.

“ಇಂಥದ್ದೊಂದು ನಮ್ಮೂರಿಗೂ ಬರಬಾರದಾ ಬುಬು?” ಎಂದಳು ಪಾದ್ರಿಯ ಹೆಂಡತಿ. ಕೂತಲ್ಲಿಗೆ ಯಾರು ತಂದುಕೊಡುತ್ತಾರೆ, ಹೋಗಿ ಕೇಳು ಎಂದೆ.

ಜನವರಿ 22, ಗುರುವಾರ

ಹಡಗಿಳಿದು, ಬಸ್ಸು ಹತ್ತಿ, ಮನೆಗೂ ಹೋಗದೆ ನೆಟ್ಟಗೆ ಲೈಬ್ರರಿಗೆ ಹೋದೆ. ಪ್ಲಾಸ್ಟಿಕ್ ಬಿಚ್ಚಿ ಮಷೀನನ್ನು ಶಲೇಶ್ನಿಯ ಮೇಜಿನ ಮೇಲೆ, ಅವಳ ಕಾಗದಗಳ ಮೇಲೇ ಇಟ್ಟೆ.

“ತುಕ್ಕಿಲ್ಲ. ಎಣ್ಣೆ ಹಾಕಿದ್ದೀನಿ. ನಂಬರೂ ಅಳಿಸಿಲ್ಲ ನೋಡ್ಕೋ.”

ಅವಳು ಮಷೀನನ್ನು ನೋಡಿದಳು, ಉಪ್ಪು ಹತ್ತಿ ಬೆಳ್ಳಗಾಗಿದ್ದ ನನ್ನ ಲಂಗವನ್ನು ನೋಡಿದಳು. “ಅಲ್ಲಿತನಕ ನೀವೇ ಹೋಗಿದ್ರಾ ಬುಬು?”

“ತಪ್ಪಾಯ್ತು ಅನ್ನೋಕೆ ಬಂದಿಲ್ಲ. ಮೊದಲೇ ಹೇಳಿದ್ದೀನಿ.”

“ನಾನು ಕೇಳಲಿಲ್ವಲ್ಲ.”

“ಚಂದ್ರವತಿಗೆ ಫೋನು ಹಚ್ಚು. ಸೋಮವಾರ ಶಾಲೆ.”

ಚಂದ್ರವತಿ ಮಾರುಕಟ್ಟೆಯಿಂದ ಓಡಿ ಬಂದಳು, ಕಂಕುಳಲ್ಲಿ ಬಟ್ಟೆ, ಕೈಯಲ್ಲಿ ಇನ್ನೂ ಸೊಪ್ಪಿನ ಮಣ್ಣು. ಮಷೀನನ್ನು ಮುಟ್ಟಿ ನೋಡಿದಳು, ಆಮೇಲೆ ಬೆರಳು ಮಡಿಸಿ ದಿನ ಎಣಿಸಿದಳು. ಹಗಲೆಲ್ಲ ಅಂಗಡಿ ಬಿಡುವಂತಿಲ್ಲ, ಮೂವರ ಬಟ್ಟೆ ಮೂರು ದಿನದಲ್ಲಿ ಹೇಗೆ ಹೊಲಿಯಲಿ ಎಂದಳು.

“ಅಳತೆ ಕೊಟ್ಟು ಅಂಗಡಿಗೆ ಹೋಗು. ನಾನಿಲ್ಲಿ ಯಾಕಿದ್ದೀನಿ?”

ಫ್ಯಾನಿನ ಕೆಳಗಿನ ಕುರ್ಚಿಯಿಂದ ಬೊಕ್ಕತಲೆಯವನನ್ನು ಎಬ್ಬಿಸಿ ಮಷೀನು ಹೂಡಿದೆ. ಪೇಪರು ಓದುವವನೊಬ್ಬ, “ಇದು ಲೈಬ್ರರಿ, ಸದ್ದು ಮಾಡಬಾರದು” ಎಂದ. “ನಿನ್ನ ಗೊರಕೆಗಿಂತ ಕಮ್ಮಿ ಸದ್ದೇ ಇದು” ಎಂದೆ. ಶಲೇಶ್ನಿ ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಕೆಮ್ಮಿದಳು. ಆಮೇಲೆ ನನ್ನ ಪಕ್ಕದಲ್ಲಿ ಟೀ ತಂದಿಟ್ಟಳು. ಗುರುವಾರ ಮುದುಕರ ದಿನವೂ ಅಲ್ಲ. ಲೋಟದ ಕೆಳಗೆ ನಮ್ಮ ಕಾರ್ಡು ಇತ್ತು.

ಅಲ್ಲಿಯ ಟೀಪುಡಿ ಯಾವುದೆಂದು ಕೇಳಬೇಕು.

ಜನವರಿ 25, ಭಾನುವಾರ

ಮೂವರಿಗೂ ಆಯಿತು. ಕೊನೆಯವನ ಚಡ್ಡಿಗೆ ಎರಡು ವರ್ಷ ಬೆಳೆಯುವಷ್ಟು ಮಡಿಕೆ ಬಿಟ್ಟಿದ್ದೇನೆ.

ಪುಸ್ತಕದ ದೋಣಿ ಹುಡುಗಿ ದಡ ಸೇರಿದಳು. ಅಣ್ಣನೂ ಸಿಕ್ಕ. ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಪುಟವನ್ನು ರೇಜಿಯೇಲಿಯಿಂದ ಎರಡು ಸಲ ಓದಿಸಿದೆ, ಅವಳ ಉಚ್ಚಾರ ಸರಿಯಾಗಲೆಂದು.

ಜನವರಿ 31, ಶನಿವಾರ

ಚಾಪೆ ಮುಗಿಯಿತು. ಅಂಚಿಗೆ ಕೆಂಪು, ಹಸಿರು ಉಣ್ಣೆ. ಅದನ್ನು ಲೈಬ್ರರಿಗೆ ಒಯ್ದು ಕಥೆಯ ಮೂಲೆಯಲ್ಲಿ ಹಾಸಿದೆ. ವೈಸಾಕೆ ಊರೆಲ್ಲ, “ಕೊನೆಗೂ ಅತ್ತೆ ಚಾಪೆ ಇಟ್ಟರು” ಎಂದು ಸಾರುತ್ತಿದ್ದಾನಂತೆ. ಅವನ ತಲೆ. ಸಿಮೆಂಟು ತಣ್ಣಗಿದೆ, ಮಕ್ಕಳಿಗೆ ನೆಗಡಿಯಾಗುತ್ತದೆ, ಅದಕ್ಕೆ ಹಾಸಿದ್ದು. ಶಲೇಶ್ನಿ ಮಂಡಿಯೂರಿ, ಎರಡೂ ಕೈಯಿಂದ ಅಂಚನ್ನು ಮುಟ್ಟಿ, ಮೂರು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದಳು, ನಮ್ಮವರು ಕೊಟ್ಟದ್ದನ್ನು ತೆಗೆದುಕೊಳ್ಳುವಾಗ ತಟ್ಟುವ ಹಾಗೆ. ಯಾರು ಕಲಿಸಿದರೋ.

ಅವಳ ಕುರ್ಚಿಯಲ್ಲಿ ಕೂತು ನಾನು ಏಡಿಯ ಕಥೆ ಹೇಳುತ್ತಿದ್ದೆ, ಸರಿಯಾದ ಏಡಿ, ರಾತ್ರಿಯ ಹೊತ್ತು ಅಡ್ಡಡ್ಡ ನಡೆಯುವುದು. ಏಡಿ ಇನ್ನೂ ಸಮುದ್ರ ಮುಟ್ಟಿರಲಿಲ್ಲ, ಆಗ ಬಾಗಿಲಲ್ಲಿ ಮಕೆರೆತಾ! ಅವರ ಪಾದ್ರಿಯ ಹೆಂಡತಿ ಅವಳನ್ನು ಕಳಿಸಿದ್ದಾಳೆ, ಮಷೀನಿನ ಸಾಲಿನಲ್ಲಿ ಹೆಸರು ಬರೆಸಲು. ಬರೆಸಲು ಬಂದವಳ ಕಣ್ಣು ಚಾಪೆಯ ಮೇಲೆ ಬಿತ್ತು.

“ಅದು ನನ್ನ ಮಗಳ ಮದುವೆಗೆ ಅಂತ ನೇಯ್ತಿದ್ದ ಚಾಪೆ ಅಲ್ವೇನೇ?”

“ಮದುವೆಗೆ ಬೇರೆ ನೇಯ್ತೀನಿ. ಈಸ್ಟರ್ ಇನ್ನೂ ದೂರ.”

“ನನಗೆ ಇದೇ ಹಿಡಿಸ್ತು.” ಸೊಂಟದ ಮೇಲೆ ಕೈಯಿಟ್ಟಳು. ಎಲ್ಲರ ಮುಂದೆ, ಬೇಕೆಂದೇ, ಗಟ್ಟಿಯಾಗಿ, ನಾನು ಅವಳ ಮನೆಯಲ್ಲಿ ಕೇಳಿದ ದನಿಯಲ್ಲೇ ಕೇಳಿದಳು: “ಕೆರೆಕೆರೆ, ಉನೈಸಿ. ಆ ಚಾಪೆ ನನಗೆ ಕೊಡು.”

ಮಕ್ಕಳೆಲ್ಲ ನನ್ನ ಮುಖ ನೋಡಿದವು. ರೇಜಿಯೇಲಿ ಎರಡೂ ಕೈಯಿಂದ ಚಾಪೆಯ ಉಣ್ಣೆಯನ್ನು ಹಿಡಿದುಕೊಂಡಳು.

“ಅದನ್ನ ಕೊಡೋಕೆ ಅದು ನನ್ನದಲ್ಲ,” ಎಂದೆ.

“ನೀನೇ ನೇಯ್ದಿದ್ದಲ್ವಾ? ಮತ್ತೆ ಯಾರದು?”

“ಎಲ್ಲರದೂ.”

“ನಾನು ಎಲ್ಲರಲ್ಲಿ ಒಬ್ಬಳಲ್ವೇನೇ?”

“ಹೌದಲ್ಲ. ಅದಕ್ಕೇ ಚಪ್ಪಲಿ ಬಿಟ್ಟು ಬಂದು ಕೂತ್ಕೋ. ಕಥೆ ಅರ್ಧದಲ್ಲಿದೆ.”

ಅವಳು ಬೈಗುಳ ಹುಡುಕುತ್ತಿದ್ದಳೆಂದು ಕಾಣುತ್ತದೆ, ಸಿಗಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟಳು. ರೇಜಿಯೇಲಿ ಸರಿದು ಜಾಗ ಮಾಡಿಕೊಟ್ಟಳು. ಅಷ್ಟು ದೊಡ್ಡ ಹೆಂಗಸು ಮಕ್ಕಳ ನಡುವೆ ಕಾಲು ಮಡಿಸಿ ಕೂತು, “ಸರಿ, ಹೇಳೇ ಮುದುಕಿ. ಏಡಿ ಸಮುದ್ರ ಸೇರ್ತೋ ಇಲ್ವೋ?” ಎಂದಳು.

ಹೋಗುವಾಗ ಮಷೀನಿನ ಸಾಲಿನಲ್ಲಿ ಹೆಸರು ಬರೆಸಿದಳು. ದ್ವೀಪದವರಿಗೆ ಇಲ್ಲಿಯವರೊಬ್ಬರು ಹೊಣೆ ನಿಲ್ಲಬೇಕಂತೆ. ಕೇಳುವ ಮೊದಲೇ ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟೆ. ವಾಪಸು ಬರದಿದ್ದರೆ ಹಡಗು ಹತ್ತಿ ಬರುತ್ತೇನೆ, ಈ ಸಲ ಬೇರು ತರುವುದಿಲ್ಲ, ಬಡಿಗೆ ತರುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ.

ಇಲ್ಲ ಎಂಬ ಮಾತು ನನ್ನ ಬಾಯಿಂದ ಇವತ್ತಿನವರೆಗೂ ಬಂದಿಲ್ಲ.